ಮೈಸೂರಿಂದ ಮಂಡ್ಯಕ್ಕೆ, ಅಮ್ಮನ ಮಾತ್ರೆಯ ಲೆಕ್ಕದಲ್ಲಿ

ಬೆಳಗಿನ ಜಾವ 4 ಗಂಟೆ 10 ನಿಮಿಷ. ಅರಮನೆ ಮುಂದೆ ಪಾರಿವಾಳಗಳೂ ಇನ್ನೂ ಎದ್ದಿಲ್ಲ. ಆ ಕಡೆ ಕಾಣುತ್ತಿರುವ ಬೆಳಕು ನನ್ನ ಗೆಳತಿಯ ಸ್ಕೂಟರಿನದು. ಇವತ್ತು ಕ್ಯಾಮೆರಾ ಹಿಡಿಯುವವಳೂ ಅವಳೇ, ನೀರು ಕೊಡುವವಳೂ ಅವಳೇ, ನಿಂತರೆ ಬೈಯುವವಳೂ ಅವಳೇ.

42.195 ಕಿಲೋಮೀಟರ್ ಓಡಬೇಕು. ನಂಬರ್ ಚೀಟಿ ಇಲ್ಲ, ಮೆಡಲ್ ಇಲ್ಲ, ಚಪ್ಪಾಳೆ ತಟ್ಟುವವರಂತೂ ಇಲ್ಲವೇ ಇಲ್ಲ. ಮೈಸೂರಿಂದ ಮಂಡ್ಯ ಸುಮಾರು 45 ಕಿಲೋಮೀಟರ್. ಅಂದರೆ ಮ್ಯಾರಥಾನ್ ಮುಗಿದಾಗಲೂ ಅಮ್ಮನ ಮನೆ ಇನ್ನೂ ಸ್ವಲ್ಪ ದೂರ ಇರುತ್ತದೆ. ಬ್ಲಡ್ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಸೇರಿಸಬೇಕು ಅಂದುಕೊಂಡಾಗ ನನಗೆ ಈ ದಾರಿ ಬಿಟ್ಟು ಬೇರೆ ಯಾವುದೂ ಹೊಳೆಯಲೇ ಇಲ್ಲ.

2016ರಲ್ಲಿ ಅಮ್ಮ ಕಣ್ಣಿನ ಪೊರೆ ತೆಗೆಸಲು ಹೋಗಿದ್ದಳು. ಅದಕ್ಕೂ ಮೊದಲು ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಅದರಲ್ಲಿ ಸಿಕ್ಕಿತು. ಬಿಳಿ ರಕ್ತಕಣ 11 ಸಾವಿರದೊಳಗೆ ಇರಬೇಕು. ಇದ್ದದ್ದು 1 ಲಕ್ಷದ 38 ಸಾವಿರ. ಲ್ಯಾಬಿನವರೇ ನಂಬದೆ ಇನ್ನೊಂದು ಸಲ ರಕ್ತ ತೆಗೆದರು. ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಒಂದು ಬಗೆಯ ಬ್ಲಡ್ ಕ್ಯಾನ್ಸರ್. ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತೆ. ಡಾಕ್ಟರ್ ಚೀಟಿಯಲ್ಲಿ ಒಂದೇ ಸಾಲು ಬರೆದಿದ್ದರು. ಇಮ್ಯಾಟಿನಿಬ್ 400 ಮಿಲಿಗ್ರಾಂ, ದಿನಕ್ಕೊಂದು. ಊಟದ ಜೊತೆ, ದೊಡ್ಡ ಲೋಟ ನೀರು. "ಅಷ್ಟೇನಾ ಸಾರ್?" ಅಂತ ಎರಡು ಸಲ ಕೇಳಿದೆ.

ಈಗ ಸಿದ್ದಲಿಂಗಪುರ ದಾಟಿದ್ದೇವೆ. ಉಸಿರು ಕೇಳಿಸುತ್ತಿದೆ ಅಲ್ವಾ? ಮೈಕ್ ಹತ್ತಿರ ಇದೆ, ಅಷ್ಟೇ. ನಾಲ್ಕು ತಿಂಗಳು ಕುಕ್ಕರಹಳ್ಳಿ ಕೆರೆ ಸುತ್ತಿದ್ದೇನೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದೇನೆ.

ನಿಜ ಹೇಳಬೇಕು ಅಂದರೆ ಓಡುವುದಕ್ಕಿಂತ ದುಡ್ಡು ಕೇಳುವುದೇ ಕಷ್ಟ. ಅಮ್ಮನೇ ನಕ್ಕಳು: "ದುಡ್ಡು ಕೇಳಕ್ಕೆ ಮಂಡ್ಯಗಂಟ ಓಡ್ಬೇಕಾ? ಕುಂತ್ಕಂಡೇ ಕೇಳು." ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಮಾರುವ ಅಜ್ಜಿ ಸೊಂಟದ ಚೀಲದಿಂದ ನಾಲ್ಕು ಮಡಿಕೆಯ 50ರ ನೋಟು ತೆಗೆದು ಕೊಟ್ಟರು. ಅದಕ್ಕೆ ಮಲ್ಲಿಗೆ ವಾಸನೆ ಬರುತ್ತಿತ್ತು. ಆದರೆ ನಮ್ಮ ಬೀದಿಯ ಟೀ ಅಂಗಡಿಯವರು ಬೇರೆಯೇ ಕೇಳಿದರು: "ಕಾಯಿಲೆ ಬಿದ್ದವರಿಗೆ ಕೊಟ್ಟರೆ ಪುಣ್ಯ. ಲ್ಯಾಬಿಗೆ ಯಾಕಮ್ಮ?" ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಅಮ್ಮನ ಮಾತ್ರೆ ಎಲ್ಲಿಂದ ಬಂತು ಅಂತ ಓದಲು ಕೂತೆ.

1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್, ಡೇವಿಡ್ ಹಂಗರ್‌ಫೋರ್ಡ್ ಅಂತ ಇಬ್ಬರು ವಿಜ್ಞಾನಿಗಳು ಇದೇ ಕಾಯಿಲೆಯವರ ಜೀವಕೋಶದಲ್ಲಿ ಒಂದು ಪುಟಾಣಿ ಕ್ರೋಮೋಸೋಮ್, ಅಂದರೆ ವಂಶವಾಹಿಗಳಿರುವ ಎಳೆ, ನೋಡಿದರು. ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಮಧ್ಯೆ 41 ವರ್ಷ. ನಾನು ಓಡುವುದು 42 ಕಿಲೋಮೀಟರ್! ಸರಿ, ಕಿಲೋಮೀಟರಿಗೆ ಒಂದು ವರ್ಷ ಅಂತ ಲೆಕ್ಕ ಹಾಕಿಕೊಂಡೆ. ಅರಮನೆ ಮುಂದೆ 1960.

ಪಶ್ಚಿಮವಾಹಿನಿಗೆ ಇನ್ನೇನು ಬಂದೆ ಅನ್ನುವಾಗ ವಾಚ್ 13 ತೋರಿಸಿತು. 1973. ನನಗೆ ತುಂಬಾ ಇಷ್ಟವಾದ ವರ್ಷ ಇದು. ಶಿಕಾಗೋದಲ್ಲಿ ಜಾನೆಟ್ ರೌಲಿ ಅನ್ನುವ ವಿಜ್ಞಾನಿ ಮನೆಯ ಊಟದ ಮೇಜಿನ ಮೇಲೆ ಕ್ರೋಮೋಸೋಮಿನ ಫೋಟೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದರಂತೆ. ಅಮ್ಮ ಕಾಗದದ ಗೊಂಬೆ ಆಡುತ್ತಿದ್ದಾಳೆ ಅಂತ ಮಕ್ಕಳ ತಮಾಷೆ. 9ನೇ ಕ್ರೋಮೋಸೋಮಿನ ತುಂಡು 22ಕ್ಕೆ, 22ರದ್ದು 9ಕ್ಕೆ ಅದಲುಬದಲಾಗಿದೆ ಅಂತ ಕಂಡುಹಿಡಿದದ್ದು ಅವರೇ. ಹಾಗೆ ಅಂಟಿಕೊಂಡ ಜಾಗದಲ್ಲಿ ಆಫ್ ಆಗದ ಸ್ವಿಚ್ ಥರದ ಒಂದು ಪ್ರೋಟೀನ್ ಹುಟ್ಟುತ್ತದೆ, ಬಿಳಿ ರಕ್ತಕಣ ಸುಮ್ನೆ ಹೆಚ್ಚುತ್ತಲೇ ಹೋಗುತ್ತವೆ. ಅಮ್ಮನ ಮಾತ್ರೆ ಆ ಸ್ವಿಚ್ಚನ್ನು ತಡೆದು ಹಿಡಿಯುತ್ತದೆ.

ಶ್ರೀರಂಗಪಟ್ಟಣ ಆದಮೇಲೆ ಸರ್ವಿಸ್ ರಸ್ತೆ. ಎಕ್ಸ್‌ಪ್ರೆಸ್‌ವೇ ಮೇಲೆ ಸ್ಕೂಟರ್ ಬಿಡುವುದಿಲ್ಲ. ಗಣಂಗೂರು ದಾಟುವ ತನಕ ಹೇಳುವಂಥದ್ದು ಏನೂ ಇಲ್ಲ. ಬಿಸಿಲು, ಕಬ್ಬು, ಒಂದು ನಾಯಿ.

31ನೇ ಕಿಲೋಮೀಟರ್. ಈ ಶಾಟ್ ತೆಗೆದುಹಾಕೋಣ ಅಂದುಕೊಂಡಿದ್ದೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಹೆಚ್ಚುಕಡಿಮೆ ಈ ಹೊತ್ತಿಗೆ ಖಾಲಿಯಾಗುತ್ತದೆ. ಓಡುವವರು ಗೋಡೆಗೆ ಗುದ್ದಿದ ಹಾಗೆ ಅನ್ನುತ್ತಾರೆ. ನನಗೆ ಗೋಡೆ ಅನ್ನಿಸಲಿಲ್ಲ, ಹಸಿ ಗದ್ದೆಯಲ್ಲಿ ಕಾಲು ಹೂತ ಹಾಗಿತ್ತು. ರಸ್ತೆ ಪಕ್ಕ ಕೂತುಬಿಟ್ಟೆ. ಗೆಳತಿ ಬೈಯಲಿಲ್ಲ, ಅದೇ ಭಯ ಆಯಿತು. ಎರಡು ಅಚ್ಚು ಬೆಲ್ಲ ಬಾಯಿಗಿಟ್ಟಳು. ಮಂಡ್ಯದವಳಿಗೆ ಜೆಲ್ ಪೊಟ್ಟಣ ಯಾಕೆ ಹೇಳಿ?

ಕೂತಲ್ಲೇ ಲೆಕ್ಕ ಹಾಕಿದೆ. 1991. ಈ ಕಾಯಿಲೆ ಬಂದವರಿಗೆ ಆಗ ಈ ಮಾತ್ರೆ ಇರಲಿಲ್ಲ. ಅಮ್ಮನಿಗೆ ಆ ವರ್ಷ ಬಂದಿದ್ದರೆ ಅಂತ ಯೋಚನೆ ಬಂತು. ಎದ್ದೆ. ತೂಬಿನಕೆರೆ ತನಕ ಓಟಕ್ಕಿಂತ ನಡಿಗೆಯೇ ಜಾಸ್ತಿ.

38ಕ್ಕೆ 1998. ಬ್ರಯಾನ್ ಡ್ರೂಕರ್ ಅನ್ನುವ ಡಾಕ್ಟರ್ ಮೊದಲ ಸಲ ರೋಗಿಗಳಿಗೆ ಈ ಔಷಧ ಕೊಟ್ಟು ನೋಡಿದ ವರ್ಷ. ಟೀ ಅಂಗಡಿಯವರಿಗೆ ಇದನ್ನೆಲ್ಲ ಹೇಳಿದಾಗ "ಅದು ಅಮೆರಿಕದ ಕಥೆ" ಅಂದರು. ನಮ್ಮಲ್ಲೂ ಆಗಿದೆ ಅಂದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಕೂಡಿ ಬ್ಲಡ್ ಕ್ಯಾನ್ಸರಿಗೆ ಕಾರ್-ಟಿ ಅನ್ನುವ ಚಿಕಿತ್ಸೆ ಬೆಳೆಸಿದರು. ರೋಗಿಯದೇ ಟಿ ಕೋಶ, ಅಂದರೆ ಕಾಯಿಲೆ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ಹೊರತೆಗೆದು, ಕ್ಯಾನ್ಸರ್ ಗುರುತಿಸುವ ಹಾಗೆ ಬದಲಾಯಿಸಿ, ಮತ್ತೆ ಒಳಗೆ ಬಿಡುತ್ತಾರೆ. 2023ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅವರು ಲೋಟ ತೊಳೆಯುತ್ತಲೇ ಕೇಳಿಸಿಕೊಂಡರು. ಮಾರನೇ ದಿನ 500 ರೂಪಾಯಿ ಕೊಟ್ಟರು. ಟೀ ದುಡ್ಡು ಮಾತ್ರ ಬಿಡಲಿಲ್ಲ.

ಇಂಡುವಾಳು ಆದಮೇಲೆ ನೋಡಿ, ಆ ಹಸಿರು ಸೀರೆ. ಬರಬೇಡ ಅಂದಿದ್ದೆ, ಆಟೋ ಮಾಡಿಕೊಂಡು ಬಂದಿದ್ದಾಳೆ. 41 ಆಯಿತು, 2001 ಆಯಿತು. ವಾಚ್ 42.2 ತೋರಿಸಿತು. 5 ಗಂಟೆ 52 ನಿಮಿಷ. ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ, ಅದನ್ನು ತೋರಿಸುವುದಿಲ್ಲ. ಸೇರಿದ ದುಡ್ಡು 1,63,450 ರೂಪಾಯಿ. 2 ಲಕ್ಷ ಅಂದುಕೊಂಡಿದ್ದೆ, ಆಗಲಿಲ್ಲ.

ಅಮ್ಮ ಡಬ್ಬಿ ತೆಗೆದು ನನಗೆ ಎರಡು ಇಡ್ಲಿ ಕೊಟ್ಟಳು, ತಾನೂ ಎರಡು ತಿಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಮಾತ್ರೆ ತೆಗೆದು, ಮನೆಯಿಂದಲೇ ತಂದ ದೊಡ್ಡ ಸ್ಟೀಲ್ ಲೋಟದಲ್ಲಿ ನೀರು ಕುಡಿದಳು. ಕ್ಯಾಮೆರಾ ನೋಡಿ, "ಇದ್ನೇನ್ ತೆಗೀತೀರಾ, ಬುಡಿ" ಅಂದಳು.

ಉಳಿದ ದಾರಿ ಆಟೋದಲ್ಲಿ. ಮೆಟ್ಟಿಲಿನಷ್ಟು ಎತ್ತರ, ಆದರೂ ಕಾಲು ಏಳಲಿಲ್ಲ. ಅಮ್ಮನೇ ಬಗ್ಗಿ, ಮೊದಲು ಬಲಗಾಲು, ಆಮೇಲೆ ಎಡಗಾಲು, ಎತ್ತಿ ಒಳಗಿಟ್ಟಳು.