ರೋಡ್ಸ್‌ನ ಹಳೇ ಊರು: ಇಲ್ಲಿ ಯಾವುದು ಎಷ್ಟು ಹಳೆಯದು?

[ದೃಶ್ಯ: ಮಂದ್ರಾಕಿ ಬಂದರಿನ ಬಾಯಿ. ಎರಡು ಕಂಬ, ಮೇಲೆ ಒಂದೊಂದು ಜಿಂಕೆ]

ಗ್ರೀಸ್‌ನ ರೋಡ್ಸ್ ದ್ವೀಪಕ್ಕೆ ಬಂದವರೆಲ್ಲ ಮೊದಲು ಹುಡುಕೋದು ಕೊಲೊಸಸ್ ಅನ್ನೋ ಆ ದೊಡ್ಡ ಪ್ರತಿಮೆಯನ್ನು. ಅದು ಇಲ್ಲ. ಸುಮಾರು 33 ಮೀಟರ್ ಎತ್ತರದ ಸೂರ್ಯದೇವರ ಕಂಚಿನ ಮೂರ್ತಿ ಕ್ರಿ.ಪೂ. 226ರ ಹೊತ್ತಿಗೆ ಭೂಕಂಪದಲ್ಲಿ ಬಿದ್ದುಹೋಯಿತು. ನಿಂತಿದ್ದು ಅರವತ್ತು ವರ್ಷವೂ ಇಲ್ಲ. ಮಜಾ ಏನಂದ್ರೆ, ಬಿದ್ದ ಮೇಲೂ ಜನ ನೋಡಲು ಬರುತ್ತಲೇ ಇದ್ದರು. ಅದರ ಹೆಬ್ಬೆರಳನ್ನು ತಬ್ಬಿ ಹಿಡಿಯಬಲ್ಲವರೇ ಕಡಿಮೆ ಎಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಬಂದರಿನ ಆ ದಡಕ್ಕೊಂದು ಈ ದಡಕ್ಕೊಂದು ಕಾಲಿಟ್ಟು ನಿಂತ ಚಿತ್ರ ನೋಡಿರ್ತೀರಿ ಅಲ್ವಾ? ಅದು ಎಷ್ಟೋ ಶತಮಾನದ ನಂತರದವರ ಕಲ್ಪನೆ.

ಹಾಗಾಗಿ ಬಂದರು ಬಿಟ್ಟು ಕೋಟೆಯೊಳಗೆ ಹೋಗೋಣ.

[ದೃಶ್ಯ: ಕಂದಕದ ತಳ, ಹುಲ್ಲಿನ ಮೇಲೆ ಕಲ್ಲಿನ ಗುಂಡುಗಳು]

ಸುಮಾರು 4 ಕಿಲೋಮೀಟರ್ ಉದ್ದದ ಗೋಡೆ. ಇದನ್ನು ಈಗಿನ ರೂಪಕ್ಕೆ ತಂದವರು ಸೇಂಟ್ ಜಾನ್ ಪಂಥದ ನೈಟ್‌ಗಳು. ಯುದ್ಧ ಮಾಡುವ ಸನ್ಯಾಸಿಗಳು ಅಂದುಕೊಳ್ಳಿ. 1309ರಿಂದ ಇಲ್ಲಿ ಆಳಿದರು. 1522ರಲ್ಲಿ ಒಟ್ಟೋಮನ್ ಸುಲ್ತಾನ ಸುಲೇಮಾನ್ ಮುತ್ತಿಗೆ ಹಾಕಿ ಗೆದ್ದ. ಕಂದಕದಲ್ಲಿ ನೀರಿಲ್ಲ, ಒಳಗೇ ಇಳಿದು ನಡೆಯಬಹುದು. ಆ ಕಾಲದ ಫಿರಂಗಿಯ ಕಲ್ಲುಗುಂಡುಗಳು ಇನ್ನೂ ಅಲ್ಲಲ್ಲಿ ಬಿದ್ದಿವೆ. ನನ್ನನ್ನು ಕೇಳಿದರೆ ಸಂಜೆ ಹೊತ್ತು ಇಲ್ಲೇ ಸುತ್ತಾಡಿ. ಮೇಲೆ ಅಂಗಡಿ ಬೀದಿಯಲ್ಲಿ ಜನ ಜಾಸ್ತಿ.

[ದೃಶ್ಯ: ನೈಟ್‌ಗಳ ಬೀದಿ, ಕೆಳಗಿನಿಂದ ಮೇಲಕ್ಕೆ]

ಇದು ನೈಟ್‌ಗಳ ಬೀದಿ. ಫ್ರಾನ್ಸ್, ಇಟಲಿ, ಸ್ಪೇನ್, ಹೀಗೆ ಭಾಷೆಗೊಂದು ಮನೆ, ಬಾಗಿಲ ಮೇಲೆ ಅವರವರ ಲಾಂಛನ. ಬೀದಿಯ ತುದಿಯಲ್ಲಿ ದೊಡ್ಡ ಗುರುವಿನ, ಅಂದರೆ ನೈಟ್‌ಗಳ ಮುಖ್ಯಸ್ಥನ ಅರಮನೆ. ನೋಡಿದರೆ ಊರಲ್ಲಿ ಇದೇ ಎಲ್ಲಕ್ಕಿಂತ ಹಳೆಯದು ಅನ್ನಿಸುತ್ತದೆ. ನಿಜಕ್ಕೂ ಹೆಚ್ಚಿನ ಭಾಗ ಹೊಸದು. 1856ರಲ್ಲಿ ಹತ್ತಿರ ಕೂಡಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಅರಮನೆ ಹಾಳಾಯಿತು. 1912ರಲ್ಲಿ ದ್ವೀಪ ಇಟಲಿಯ ಕೈಸೇರಿತು. ಅವರು 1937ರಿಂದ 1940ರವರೆಗೆ ಅದನ್ನು ಮತ್ತೆ ಕಟ್ಟಿದರು. ಒಳಗಿನ ನೆಲದ ಚಿತ್ತಾರಗಳನ್ನು ಪಕ್ಕದ ಕೋಸ್ ದ್ವೀಪದಿಂದ ಕಿತ್ತು ತಂದರು! ಚೆನ್ನಾಗೇನೋ ಇದೆ. ಆದರೆ ನನಗೆ ಅದು ನಾಟಕದ ಸೆಟ್ ಥರ ಕಾಣುತ್ತದೆ.

ನಿಜವಾದ ಹಳೆಯದು ಬೀದಿಯ ಗೆರೆ. ರೋಡ್ಸ್ ಊರು ಹುಟ್ಟಿದ್ದು ಕ್ರಿ.ಪೂ. 408ರಲ್ಲಿ. ಆಗಲೇ ಚೌಕುಳಿ ಹಾಕಿದ ಹಾಗೆ ನೇರ ಬೀದಿಗಳನ್ನು ಎಳೆದಿದ್ದರು. ನೈಟ್‌ಗಳು ಮನೆ ಕಟ್ಟಿದ್ದು ಅಂಥ ಒಂದು ಬೀದಿಯ ಮೇಲೇ. ರಾಜರು ಬದಲಾದರು, ಗೆರೆ ಉಳಿಯಿತು.

[ದೃಶ್ಯ: ಬಗ್ಗಿ ಹತ್ತಿರದಿಂದ, ನೆಲ]

ಈಗ ನೆಲ ನೋಡಿ. ಕಡಲ ತೀರದ ಉರುಟು ಕಲ್ಲುಗಳು. ಮಲಗಿಸಿಲ್ಲ, ಒತ್ತೊತ್ತಾಗಿ ನಿಲ್ಲಿಸಿ ಕೂರಿಸಿದ್ದಾರೆ. ಕಪ್ಪು, ಬಿಳಿ ಸೇರಿಸಿ ಅಂಗಳಗಳಲ್ಲಿ ರಂಗೋಲಿಯಂಥ ಚಿತ್ರ ಬರೆಯುತ್ತಾರೆ. ಇಲ್ಲಿಯವರು ಹೊಕ್ಲಾಕಿ ಅಂತಾರೆ. ತೆಳ್ಳನೆ ಚಪ್ಪಲಿ ಹಾಕಿ ಬಂದರೆ ಅರ್ಧ ಗಂಟೆಯಲ್ಲಿ ಅಂಗಾಲು ಉರಿಯುತ್ತದೆ. ದಪ್ಪ ಅಟ್ಟೆಯ ಶೂ ಇರಲಿ. ತಲೆಯ ಮೇಲೆ ಓಣಿಗೆ ಅಡ್ಡ ಕಮಾನುಗಳಿವೆ. ಅವು ಅಂದಕ್ಕಲ್ಲ. ಭೂಕಂಪ ಬಂದಾಗ ಎದುರುಬದುರಿನ ಮನೆಗಳು ಒಂದಕ್ಕೊಂದು ಆಸರೆಯಾಗಲಿ ಅಂತ.

[ದೃಶ್ಯ: ಯಹೂದಿ ಕೇರಿ]

ಪೂರ್ವದ ಕಡೆ ಯಹೂದಿ ಕೇರಿ. ಅಲ್ಲಿ 1577ರ ಕಹಾಲ್ ಶಾಲೋಮ್ ಪ್ರಾರ್ಥನಾ ಮಂದಿರ ಇದೆ, ಗ್ರೀಸ್‌ನಲ್ಲಿ ಈಗಲೂ ಬಳಕೆಯಲ್ಲಿರುವ ಯಹೂದಿ ಮಂದಿರಗಳಲ್ಲಿ ಅತಿ ಹಳೆಯದು. ಒಳಗಿನ ನೆಲವೂ ಅದೇ ಕಪ್ಪು ಬಿಳಿ ಕಲ್ಲಿನದು. 1944ರ ಜುಲೈನಲ್ಲಿ ಜರ್ಮನ್ನರು ಈ ಕೇರಿಯ ಸುಮಾರು 1,700 ಜನರನ್ನು ಹಡಗಿಗೆ ತುಂಬಿ ಕಳಿಸಿದರು. ಕೊನೆಗೆ ಆಶ್ವಿಟ್ಸ್, ನಾಜಿಗಳ ಸಾವಿನ ಶಿಬಿರ. ಬದುಕುಳಿದವರು ನೂರೈವತ್ತರಷ್ಟು.

ಹತ್ತಿರದ ಚೌಕದಲ್ಲಿ ಕಡಲಕುದುರೆಗಳ ಕಾರಂಜಿ ಇದೆ. ಸುತ್ತ ಹೋಟೆಲ್ ಕುರ್ಚಿಗಳು, ಐಸ್‌ಕ್ರೀಮ್ ಹಿಡಿದ ಮಕ್ಕಳು. ಅಲ್ಲೇ, ಆ ಯಹೂದಿಗಳ ನೆನಪಿಗೆ ಒಂದು ಕಪ್ಪು ಕಲ್ಲಿನ ಕಂಬ ನಿಂತಿದೆ.