ಒಂಬತ್ತು ಗಂಟೆ ಓದಿದವನು ಸೋಮಾರಿಯಾ?

ನಮಸ್ಕಾರ. ನನ್ನ ಹಿಂದೆ ಕಾಣುತ್ತಿರುವುದು ತುಮಕೂರಿನ ಅಮಾನಿಕೆರೆ. ಬೆಳಗ್ಗೆ ಆರೂವರೆ. ವಾಕಿಂಗ್ ಬಂದವರ ಮಾತು ಮಧ್ಯೆ ಕೇಳಿಸಿದರೆ ಬೇಜಾರಾಗಬೇಡಿ. ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂದರೆ ಪಕ್ಕದ ಸೈಟಿನಲ್ಲಿ ರಾತ್ರಿಯಿಂದ ಬೋರ್‌ವೆಲ್ ಕೊರೆಸುತ್ತಿದ್ದಾರೆ, ಇನ್ನೂ ನೀರು ಬಿದ್ದಿಲ್ಲ.

ಹೋದ ವಾರ ಒಬ್ಬ ಹುಡುಗ ಮೆಸೇಜ್ ಮಾಡಿದ್ದ. ಶಿರಾ ಕಡೆಯವನು, ಇಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎಗೆ, ಅಂದರೆ ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಾನೆ. “ಅಣ್ಣಾ, ಹದಿನಾಲ್ಕು ಗಂಟೆ ಓದಬೇಕು ಅಂತ ಕೂರ್ತೀನಿ, ಒಂಬತ್ತು ಗಂಟೆಗೇ ಸಾಕಾಗುತ್ತೆ, ನನಗೆ ಮೋಟಿವೇಶನ್ ಕಮ್ಮಿ, ಅದರ ಬಗ್ಗೆ ಒಂದು ವಿಡಿಯೋ ಮಾಡಿ” ಅಂದ. ಒಂಬತ್ತು ಗಂಟೆ! ಒಂಬತ್ತು ಗಂಟೆ ತೋಟದಲ್ಲಿ ಪಾತಿ ಕಟ್ಟಿದವನನ್ನು ಯಾರಾದರೂ ಸೋಮಾರಿ ಅಂತಾರಾ? ಈ ಹುಡುಗ ತನ್ನನ್ನು ತಾನೇ ಹಾಗೆ ಅಂದುಕೊಂಡು ರಾತ್ರಿ ನಿದ್ದೆಗೆಡುತ್ತಿದ್ದಾನೆ.

ಅದಕ್ಕೇ ಅವನು ಕೇಳಿದ ವಿಡಿಯೋ ಮಾಡುತ್ತಿಲ್ಲ. ನನ್ನ ಪ್ರಕಾರ ಅವನ ತೊಂದರೆ ಶುರುವಾಗುವುದೇ ಆ ಗಂಟೆಯ ಲೆಕ್ಕದಿಂದ. ಹೇಗೆ ಅಂತ ಹೇಳುತ್ತೇನೆ, ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. ಸ್ವಲ್ಪ ಮರ್ಯಾದೆ ಹೋಗುತ್ತೆ, ಪರವಾಗಿಲ್ಲ.

ನಾನು ಗುಬ್ಬಿ ಕಡೆಯ ಒಂದು ಹಳ್ಳಿಯವನು. ಡಿಗ್ರಿ ಮುಗಿಸಿ ತುಮಕೂರಿಗೆ ಬಂದು ಬಟವಾಡಿ ಹತ್ತಿರ ಮೂವರು ಸೇರಿ ಒಂದು ರೂಮ್ ಮಾಡಿದ್ದೆವು. ದಿನಾ ಸಂಜೆ ಅಪ್ಪ ಫೋನ್ ಮಾಡುತ್ತಿದ್ದರು. ಊಟ ಆಯ್ತಾ ಅಂತ ಒಂದು ಪ್ರಶ್ನೆ, ಅದಾದ ಮೇಲೆ “ಇವತ್ತು ಎಷ್ಟು ಗಂಟೆ ಓದಿದೆ ಮಗಾ?” ಅಷ್ಟೇ. ಅವರಿಗೆ ಬೇರೆ ಏನು ಕೇಳಬೇಕು ಅಂತ ಗೊತ್ತಿರಲಿಲ್ಲ, ಪಾಪ. ನಾನು ಆರು ಓದಿದ್ದರೆ ಹತ್ತು ಅನ್ನುತ್ತಿದ್ದೆ. ಹತ್ತು ಅಂದ ತಪ್ಪಿಗೆ ಮಾರನೇ ದಿನ ನಿಜವಾಗಿಯೂ ಹತ್ತು ಕೂರಲು ಹೋಗುತ್ತಿದ್ದೆ. ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ಟೀಗೆ ಎದ್ದಾಗ ನಿಲ್ಲಿಸಿ, ಬಂದು ಮತ್ತೆ ಒತ್ತಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಭಾನುವಾರ ಕೂಡಿ ನೋಡುತ್ತಿದ್ದೆ. ರೀಡಿಂಗ್ ರೂಮಿನಲ್ಲೂ ಇದೇ ಸ್ಪರ್ಧೆ. ಯಾರು ಮೊದಲು ಬಂದರು, ಯಾರು ಕೊನೆಗೆ ಎದ್ದರು. ಒಬ್ಬ ಕುರ್ಚಿ ಮೇಲೆ ಬ್ಯಾಗ್ ಇಟ್ಟು ಮಧ್ಯಾಹ್ನ ಎರಡು ಗಂಟೆ ಹೊರಗೆ ನಿದ್ದೆ ಹೊಡೆದು ಬರುತ್ತಿದ್ದ, ಅವನ ಬ್ಯಾಗನ್ನು ನೋಡಿಯೂ ನನಗೆ ಭಯವಾಗುತ್ತಿತ್ತು.

ಒಂದು ದಿನ ಮಾಕ್ ಟೆಸ್ಟ್. ಸಂವಿಧಾನದ 8ನೇ ಅನುಸೂಚಿಯಲ್ಲಿ ಎಷ್ಟು ಭಾಷೆಗಳಿವೆ? ಸುಲಭ ಪ್ರಶ್ನೆ ಅಲ್ವಾ? ಆ ಪುಟವನ್ನು ನಾನು ಐದು ಸಲವಾದರೂ ಓದಿದ್ದೆ. ಹಳದಿ ಹೈಲೈಟರ್, ಅದರ ಮೇಲೆ ಕೆಂಪು ಪೆನ್ನಿನ ಗೆರೆ, ಪಕ್ಕದಲ್ಲಿ ನಕ್ಷತ್ರ. ಪುಟದ ಬಣ್ಣ ಕಣ್ಣೆದುರಿಗೆ ಬರುತ್ತಿದೆ, ಯಾವ ಮೂಲೆಯಲ್ಲಿ ಟೀ ಚೆಲ್ಲಿತ್ತು ಅನ್ನುವುದೂ ನೆನಪಿದೆ, ಉತ್ತರ ಮಾತ್ರ ಬರುತ್ತಿಲ್ಲ. 18 ಅಂತ ಗೋಲ ತುಂಬಿದೆ. 22 ಅದು. 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ ಸೇರಿದಾಗ 18 ಆಗಿತ್ತು. ಆಮೇಲೆ 2003ರ 92ನೇ ತಿದ್ದುಪಡಿಯಲ್ಲಿ ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿ 22. ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ, ಬಿಡಿ.

ಆವತ್ತು ರಾತ್ರಿ ಅತ್ತಿದ್ದೆ. ಒಂದು ಮಾರ್ಕ್ಸ್ ಹೋದದ್ದಕ್ಕಲ್ಲ. ಐದು ಸಲ ಓದಿದ್ದು ಬರಲಿಲ್ಲ ಅಂದರೆ, ಗೊತ್ತು ಅಂದುಕೊಂಡ ಇನ್ನುಳಿದದ್ದರ ಗತಿ ಏನು? ಪರೀಕ್ಷೆಯ ಭಯ ಅಂತೀವಲ್ಲ, ಅದರಲ್ಲಿ ಮುಕ್ಕಾಲು ಪಾಲು ಇದೇ ಅಂತ ನನಗೆ ಈಗ ಅನ್ನಿಸುತ್ತದೆ. ನಮಗೆ ಏನು ಬರುತ್ತೆ, ಏನು ಬರಲ್ಲ ಅನ್ನುವುದೇ ಗೊತ್ತಿರುವುದಿಲ್ಲ. ಆ ಕತ್ತಲೆಯಲ್ಲಿ ಇನ್ನೂ ಎರಡು ಗಂಟೆ ಜಾಸ್ತಿ ಓದುತ್ತೇವೆ, ಕತ್ತಲೆ ಹಾಗೇ ಇರುತ್ತದೆ.

2006ರಲ್ಲಿ ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಇದನ್ನೇ ಪರೀಕ್ಷಿಸಿದ್ದರು. ಒಂದು ಪಾಠ ಓದಿಸಿ, ಅದನ್ನೇ ಮತ್ತೊಮ್ಮೆ ಓದಲು ಬಿಟ್ಟರು. ಇನ್ನೊಂದು ಪಾಠ ಓದಿಸಿ, ಹಾಳೆ ಕಿತ್ತುಕೊಂಡು, ನೆನಪಿದ್ದದ್ದನ್ನು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಚೆನ್ನಾಗಿ ನೆನಪಿತ್ತು, ನೂರಕ್ಕೆ 81, ಬರೆದದ್ದು 75. ಒಂದು ವಾರ ಬಿಟ್ಟು ಕೇಳಿದರೆ ಉಲ್ಟಾ: ಓದಿದ್ದು 42ಕ್ಕೆ ಇಳಿದಿತ್ತು, ಬರೆದದ್ದು 56ರಲ್ಲಿ ನಿಂತಿತ್ತು. ಅವರದ್ದೇ ಇನ್ನೊಂದು ಪ್ರಯೋಗದಲ್ಲಿ ನನಗೆ ನಗು ತರಿಸಿದ್ದು ಏನಂದರೆ, ಸುಮ್ನೆ ಮತ್ತೆ ಮತ್ತೆ ಓದಿದವರಿಗೇ “ನಮಗೆ ಚೆನ್ನಾಗಿ ನೆನಪಿರುತ್ತೆ” ಅನ್ನುವ ಧೈರ್ಯ ಜಾಸ್ತಿ ಇತ್ತಂತೆ. ನನ್ನ ಹಳದಿ ಹೈಲೈಟರ್ ನೆನಪಾಯಿತು.

ನಾನು ಆಗ ಇದನ್ನೆಲ್ಲ ಓದಿರಲಿಲ್ಲ. ರೂಮಿನ ಗೋಡೆಯಲ್ಲಿ ಹಳೇ ಕ್ಯಾಲೆಂಡರ್ ನೇತಾಡುತ್ತಿತ್ತು, ಅದರ ಹಾಳೆ ಕಿತ್ತು, ಖಾಲಿ ಬೆನ್ನಿನ ಮೇಲೆ, ಪುಸ್ತಕ ಮುಚ್ಚಿ, ಅವತ್ತು ಓದಿದ್ದನ್ನು ಬರೆಯಲು ಕೂತೆ. ನಾಲ್ಕು ಗಂಟೆ ಓದಿದ್ದಕ್ಕೆ ಆರು ಸಾಲು ಬಂತು. ಅದರಲ್ಲಿ ಎರಡು ತಪ್ಪು. ನಾಚಿಕೆಯಾಯಿತು, ಆದರೆ ಒಂದು ವಿಚಿತ್ರ ನೋಡಿ, ಆ ರಾತ್ರಿ ಎಷ್ಟೋ ದಿನದ ಮೇಲೆ ನಿದ್ದೆ ಬಂತು. ಬರುವುದಿಲ್ಲ ಅಂತ ಗೊತ್ತಾಗಿದ್ದ ವಿಷಯ ಬೆಳಗ್ಗೆ ಎದ್ದು ಓದಲು ಕಾಯುತ್ತಿತ್ತು. ಏನು ಓದಬೇಕು ಅಂತ ಗೊತ್ತಿದ್ದವನಿಗೆ ಮೋಟಿವೇಶನ್ ಬೇಕಾಗುವುದಿಲ್ಲ, ಅಡಿಕೆ ಸುಲಿಯಲು ಕೂತವರು ಮೂಡ್ ಬರಲಿ ಅಂತ ಕಾಯುತ್ತಾರಾ?

ಮೂಡಿನ ವಿಷಯ ಬಂತು, ಹೇಳಿಬಿಡುತ್ತೇನೆ. ನನ್ನ ರೂಮ್‌ಮೇಟ್ ಒಬ್ಬ ಸಿದ್ಧಗಂಗಾ ಮಠದಲ್ಲಿ ಓದಿದವನು. ಸಾವಿರಾರು ಮಕ್ಕಳು ಅಲ್ಲೇ ಊಟ, ಅಲ್ಲೇ ವಸತಿ, ಬೆಳಗ್ಗೆ ಸಂಜೆ ಸಾಮೂಹಿಕ ಪ್ರಾರ್ಥನೆ, ನಿಮಗೆಲ್ಲ ಗೊತ್ತಿರುವುದೇ. ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಒಂದು ಮೋಟಿವೇಶನ್ ವಿಡಿಯೋ ಮುಗಿಸಿ ಇನ್ನೊಂದು ಹಾಕುತ್ತಿದ್ದರೆ ಅವನು ಎದ್ದು ಮುಖ ತೊಳೆದು ಓದಲು ಕೂತಿರುತ್ತಿದ್ದ. ಅದು ಹೇಗಪ್ಪಾ ಅಂದರೆ, “ಅಲ್ಲಿ ಗಂಟೆ ಹೊಡೆದರೆ ಏಳೋದು, ಅಷ್ಟೇ. ಇಷ್ಟ ಇದೆಯಾ ಇಲ್ಲವಾ ಅಂತ ಯಾರೂ ಕೇಳ್ತಿರಲಿಲ್ಲ, ನಾನೂ ಕೇಳ್ಕೊಂಡಿಲ್ಲ” ಅಂದ. ಆ ವಿಡಿಯೋಗಳು ಎಲ್ಲವೂ ಕೆಟ್ಟವು ಅಂತ ನಾನು ಹೇಳುವುದಿಲ್ಲ. ಆದರೆ ಹಿನ್ನೆಲೆ ಸಂಗೀತ ಮುಗಿದ ಹತ್ತು ನಿಮಿಷಕ್ಕೆ ಅದರ ಬಿಸಿ ಆರುತ್ತದೆ, ಆಮೇಲೆ ಮೊದಲಿಗಿಂತ ಜಾಸ್ತಿ ಬೇಜಾರು. ಬೆಳಗ್ಗೆ ಒಂದೇ ಹೊತ್ತು, ಒಂದೇ ಜಾಗ, ಮೊದಲ ಪ್ರಶ್ನೆ ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಟ್ಟಿರಬೇಕು. ಫೋನು ಇನ್ನೊಂದು ಕೋಣೆಯಲ್ಲಿ. ಒಂದೇ ಕೋಣೆಯಾದರೆ ಪಕ್ಕದ ಮನೆ ಆಂಟಿ ಹತ್ತಿರ. ನಾನು ಹಾಗೇ ಮಾಡಿದ್ದೆ, ಆಂಟಿ ಒಂದು ತಿಂಗಳಲ್ಲಿ ನನ್ನ ಎಲ್ಲ ಕಾಲ್‌ಗಳನ್ನೂ ಎತ್ತಿ ನಮ್ಮ ಅಮ್ಮನ ಜೊತೆ ದೋಸ್ತಿ ಮಾಡಿಕೊಂಡರು.

ಇನ್ನೊಂದು ಮಾತು. ಎಲ್ಲ ಒತ್ತಡವೂ ನಿಮ್ಮ ತಲೆಯೊಳಗೆ ಹುಟ್ಟಿದ್ದಲ್ಲ. ನಾನು ಬರೆಯಬೇಕಿದ್ದ ಎಫ್‌ಡಿಎ ಪರೀಕ್ಷೆ 2021ರ ಜನವರಿ 24ಕ್ಕೆ ಇತ್ತು. ಹಿಂದಿನ ದಿನ ಹಾಲ್ ಟಿಕೆಟ್, ಎರಡು ಪೆನ್ನು, ನೀರಿನ ಬಾಟಲಿ ಎಲ್ಲಾ ಜೋಡಿಸಿ ಇಟ್ಟಿದ್ದೆ. ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ, ಪರೀಕ್ಷೆ ಮುಂದಕ್ಕೆ ಅಂತ ಸುದ್ದಿ ಬಂತು. ಫೆಬ್ರವರಿ 28ಕ್ಕೆ ನಡೆಯಿತು. 545 ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಬರೆದವರ ಕಥೆ ಇನ್ನೂ ಕಷ್ಟ: ಅಕ್ರಮ ಹೊರಬಿದ್ದು ನೇಮಕಾತಿ ಪರೀಕ್ಷೆ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ನಡೆದ ಕೆಎಎಸ್, ಅಂದರೆ ರಾಜ್ಯ ಆಡಳಿತ ಸೇವೆಯ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಎಡವಟ್ಟಾಗಿ ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದರು. ಇಂಥದ್ದರ ಮಧ್ಯೆ ಓದುವ ಹುಡುಗಿಗೆ “ಪಾಸಿಟಿವ್ ಆಗಿರು” ಅಂದರೆ ಅವಳು ಸಿಟ್ಟು ಮಾಡಿಕೊಳ್ಳದೆ ಇನ್ನೇನು ಮಾಡಬೇಕು? ಸಿಟ್ಟು ಬರಲಿ. ಎರಡು ದಿನ ಪುಸ್ತಕ ಮುಟ್ಟಬೇಡಿ, ಊರಿಗೆ ಹೋಗಿ ಬನ್ನಿ. ಅದನ್ನು ನಿಮ್ಮ ಸೋಮಾರಿತನದ ಲೆಕ್ಕಕ್ಕೆ ಮಾತ್ರ ಹಾಕಬೇಡಿ.

ಕೆಲವು ಒತ್ತಡ ಬೇಕಂತಲೇ ಕೊಡುತ್ತಾರೆ. ನಾನು ಹೋಗುತ್ತಿದ್ದ ಒಂದು ಕೋಚಿಂಗ್‌ನಲ್ಲಿ, ಹೆಸರು ಬೇಡ, ಪ್ರತಿ ಶನಿವಾರ ಟೆಸ್ಟಿನ ಪಟ್ಟಿ ಬಾಗಿಲ ಪಕ್ಕ ಅಂಟಿಸುತ್ತಿದ್ದರು, ಕೊನೆಯ ಹತ್ತು ಹೆಸರು ಕೆಂಪು ಇಂಕಿನಲ್ಲಿ. ಅದರಿಂದ ಮೇಲೆ ಬಂದವರನ್ನು ನಾನು ನೋಡಲಿಲ್ಲ. ಶನಿವಾರ ಬರುವುದನ್ನೇ ಬಿಟ್ಟವರನ್ನು ನೋಡಿದೆ, ಅದರಲ್ಲಿ ನಾನೂ ಒಬ್ಬ.

ಪರೀಕ್ಷೆಯ ದಿನ ಎದೆ ಡವಡವ ಅನ್ನುತ್ತೆ, ಅಂಗೈ ಬೆವರುತ್ತೆ, ಮೂರು ಸಲ ಬಾತ್‌ರೂಮಿಗೆ ಹೋಗಬೇಕು ಅನ್ನಿಸುತ್ತೆ. ಅದು ಅಡ್ರಿನಲಿನ್ ಕೆಲಸ, ಕಾಯಿಲೆ ಅಲ್ಲ. ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ, ನಾಲ್ಕೈದು ಸಲ ಮಾಡಿದರೆ ಸ್ವಲ್ಪ ಇಳಿಯುತ್ತದೆ. ನನಗೆ ಕೆಲಸಕ್ಕೆ ಬಂದದ್ದು ಇನ್ನೊಂದು: ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಕೂತು, ಏನೇನು ಭಯ ಇದೆಯೋ ಅಷ್ಟನ್ನೂ ಒಂದು ಹಾಳೆಯಲ್ಲಿ ಬರೆಯುವುದು. ಶಿಕಾಗೋದ ಮನಶ್ಶಾಸ್ತ್ರಜ್ಞರು ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಇದನ್ನು ಪ್ರಯೋಗ ಮಾಡಿ ಪ್ರಕಟಿಸಿದ್ದರು, ತುಂಬಾ ಗಾಬರಿ ಪಡುವ ವಿದ್ಯಾರ್ಥಿಗಳಿಗೆ ಮಾರ್ಕ್ಸ್ ಜಾಸ್ತಿ ಬಂದಿತ್ತು. ತಲೆಯಲ್ಲಿ ಸುತ್ತುತ್ತಿರುವುದು ಹಾಳೆಗೆ ಇಳಿದರೆ ಲೆಕ್ಕ ಮಾಡಲು ಜಾಗ ಸಿಗುತ್ತೆ ಅನ್ನುವುದು ಅವರ ವಿವರಣೆ. ನಾನು ಬರೆದಿದ್ದ ಮೊದಲ ಸಾಲು, “ಫೇಲಾದರೆ ಮಾವ ನಗುತ್ತಾರೆ.” ಬರೆದ ಮೇಲೆ ನೋಡಿದರೆ, ಮಾವ ಪಾಸಾದರೂ ನಗುತ್ತಾರೆ, ಅವರ ಸ್ವಭಾವವೇ ಅಂಥದ್ದು. ಆಮೇಲೆ ಕ್ಯಾತ್ಸಂದ್ರದಲ್ಲಿ ಒಂದೇ ಒಂದು ತಟ್ಟೆ ಇಡ್ಲಿ ತಿಂದು ಹೋದೆ. ಎರಡು ತಿಂದರೆ ಹಾಲ್‌ನಲ್ಲಿ ನಿದ್ದೆ ಬರುತ್ತದೆ, ಇದಕ್ಕೆ ಪ್ರಯೋಗ ಬೇಕಿಲ್ಲ.

ಇಷ್ಟೆಲ್ಲಾ ಹೇಳುತ್ತೀಯಲ್ಲ, ನಿನಗೆ ಎಫ್‌ಡಿಎ ಆಯ್ತಾ ಅಂತ ಕೇಳುತ್ತೀರಿ. ಆಗಲಿಲ್ಲ. ಈಗ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ನಾಲ್ಕು ಹುಡುಗರಿಗೆ ಹೇಳಿಕೊಡುತ್ತೇನೆ. ಗೆದ್ದವರ ಮಾತು ಕೇಳಬೇಡಿ ಅನ್ನುವುದಿಲ್ಲ. ಆದರೆ ಅವರಿಗೂ ತಾವು ಯಾಕೆ ಗೆದ್ದೆವು ಅಂತ ಅರ್ಧ ಗೊತ್ತಿರುವುದಿಲ್ಲ, ಆ ಅರ್ಧವನ್ನು ಹದಿನಾಲ್ಕು ಗಂಟೆ ಅನ್ನುವ ಮಾತಿನಿಂದ ತುಂಬುತ್ತಾರೆ.

ಒಂದು ಮಾತು ಸೀರಿಯಸ್ಸಾಗಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಓದುವ ವಿಧಾನದ ಪ್ರಶ್ನೆ ಅಲ್ಲ, ನನ್ನ ವಿಡಿಯೋ ಆಫ್ ಮಾಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ಕೂತಿರುವ ಯಾರಿಗಾದರೂ ಬಾಯಿಬಿಟ್ಟು ಹೇಳಿ, ರೂಮ್‌ಮೇಟ್ ಆದರೂ ಸರಿ.

ಈ ವರ್ಷ ನಮ್ಮ ಅಕ್ಕನ ಮಗಳು ಎಸ್‌ಎಸ್‌ಎಲ್‌ಸಿ. ಊರಲ್ಲಿ ನಮ್ಮ ಅಪ್ಪ ಅಮ್ಮನ ಜೊತೆಯೇ ಇದ್ದಾಳೆ. ಒಂದೇ ಸಲಕ್ಕೆ ಎಲ್ಲ ಮುಗಿಯಿತು ಅನ್ನುವ ಭಯ ಈಗ ಅಷ್ಟಿಲ್ಲ, 2024ರಿಂದ ಪಾಸಾದವರೂ ಅದೇ ವರ್ಷ ಮತ್ತೆ ಬರೆಯಬಹುದು, ಜಾಸ್ತಿ ಬಂದ ಮಾರ್ಕ್ಸೇ ಲೆಕ್ಕ. ಆದರೂ ಮನೆಯಲ್ಲಿ ಅದೇ ಹಳೇ ಪ್ರಶ್ನೆ ಶುರುವಾಗಿತ್ತು. ಹೋದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ, ಗಂಟೆ ಕೇಳಬೇಡಿ, ಏನು ಓದಿದೆ ಅಂತ ನಿಮಗೆ ಹೇಳಲಿ, ನೀವು ಕೇಳಿಸಿಕೊಳ್ಳಿ ಸಾಕು. “ನನಗೇನು ಅರ್ಥ ಆಗುತ್ತೋ” ಅಂದರು. ಆದರೂ ಸಂಜೆ ಜಗಲಿ ಮೇಲೆ ಕೂತು ತೆಂಗಿನಕಾಯಿ ಸುಲಿಯುತ್ತಾ ಕೇಳಿದರು. ಅವಳು ವಿಜ್ಞಾನ ಪುಸ್ತಕ ಮುಚ್ಚಿ ಗಡಗಡ ಶುರು ಮಾಡಿದಳು: ಬೇರು ನೀರು ಹೀರುತ್ತೆ, ಕ್ಸೈಲಮ್ ಅದನ್ನು ಮೇಲಕ್ಕೆ ಸಾಗಿಸುತ್ತೆ, ಹೀಗೆ. ಅಪ್ಪ ಸುಲಿಯುವುದು ನಿಲ್ಲಿಸಿ ಅಂಗಳದ ಮರದ ತುದಿ ನೋಡಿದರು.

“ಅಲ್ಲಾ ಮಗಾ, ತೊಟ್ಟಿಗೆ ನೀರು ಏರಿಸೋಕೇ ನಮಗೆ ಮೋಟಾರ್ ಬೇಕು. ಅಷ್ಟೆತ್ತರದ ಮರಕ್ಕೆ ಯಾರು ಮೋಟಾರ್ ಹಾಕಿದ್ರು?”

ಅವಳು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. “ಇರು ತಾತ, ಬಂದೆ” ಅಂತ ಪುಸ್ತಕ ಎತ್ತಿಕೊಂಡು ಒಳಗೆ ಓಡಿದಳು.