ಗಾಂಧಾರಿ ಹೆಸರಿನ ಗ್ರಾಮಾಫೋನ್ ತಟ್ಟೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಗಂಗೂಬಾಯಿ ಹಾನಗಲ್ ಎಂದೊಡನೆ ಹುಬ್ಬಳ್ಳಿ-ಧಾರವಾಡದ ನಮಗೆ ನೆನಪಾಗುವುದು ಗಂಡುದನಿಯೇ ಎನ್ನಿಸುವ ಆ ಗಂಭೀರ ಕಂಠ. ಆದರೆ 1930ರ ದಶಕದಲ್ಲಿ ಎಚ್‌ಎಂವಿ ಎಂಬ ಗ್ರಾಮಾಫೋನ್ ಕಂಪನಿ ಹೊರತಂದ ಅವರ ತಟ್ಟೆಗಳಲ್ಲಿ ಇರುವುದು ಬೇರೆಯದೇ ಕಂಠ. ತೆಳುವಾದ, ಎತ್ತರದ ಶ್ರುತಿಯ ಹೆಣ್ಣುದನಿ. ಅವುಗಳ ಮೇಲೆ ಅಚ್ಚಾದ ಹೆಸರೂ ಬೇರೆ, ‘ಗಾಂಧಾರಿ’. ಹೆಸರು, ದನಿ ಎರಡರಿಂದಲೂ ಗುರುತು ಸಿಗದೆ ಆ ತಟ್ಟೆಗಳು ಬಹುಕಾಲ ಹಿಂದೆ ಸರಿದೇ ಉಳಿದವು.

ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಅವರ ದನಿ ಇಳಿಯಿತು. ಕುಂದಗೋಳದ ಸವಾಯಿ ಗಂಧರ್ವರ ಬಳಿ ನಡೆದ ಕಠಿಣ ತಾಲೀಮು ಅವರನ್ನು ಹಿಂದೂಸ್ತಾನಿ ಶಾಸ್ತ್ರೀಯ ಸಂಗೀತದ ಮುಖ್ಯ ಪ್ರಕಾರವಾದ ಖಯಾಲ್ ಗಾಯನದ ಶಿಖರಕ್ಕೆ ಒಯ್ದಿತು. ಇದರಿಂದಾಗಿ ಮೊದಲ ತಟ್ಟೆಗಳನ್ನು ಎಳೆತನದ ಹಾಡಿಕೆ ಎಂದು ತಳ್ಳಿಹಾಕುವುದು ಸುಲಭವಾಯಿತು. ನಾನು ಇದನ್ನು ಒಪ್ಪುವುದಿಲ್ಲ. ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದುದು ಸುಮಾರು ಮೂರು ನಿಮಿಷ; ನಿಧಾನವಾದ ಆಲಾಪಕ್ಕೆ ಎಡೆಯೇ ಇಲ್ಲದ ಆ ಇಕ್ಕಟ್ಟಿನಲ್ಲಿ, ರಾಗದ ಮುಖವನ್ನು ಮೊದಲ ಕೆಲವೇ ಸ್ವರಗಳಲ್ಲಿ ತೋರಿಸಿ, ಚೀಜಿನ (ರಾಗದಲ್ಲಿ ಕಟ್ಟಿದ ಹಾಡಿನ) ಮಾತನ್ನು ಕೆಡಿಸದೆ, ತಾನುಗಳನ್ನು (ವೇಗವಾದ ಸ್ವರಗಳ ಸಾಲನ್ನು) ಅಳೆದು ಇಟ್ಟು ಮುಗಿಸಬೇಕಾದರೆ ಗಟ್ಟಿಯಾದ ತಯಾರಿ ಬೇಕು. ಆ ತಯಾರಿಯ ಹಿಂದೆ ಕೃಷ್ಣಾಚಾರ್ಯ ಹುಲಗೂರರ ಪಾಠವಿದೆ. ಅದಕ್ಕೂ ಹಿಂದೆ, ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಕರ್ನಾಟಕ ಸಂಗೀತದ ಹಾಡಿಕೆಯನ್ನೇ ಬಿಟ್ಟ ತಾಯಿ ಅಂಬಾಬಾಯಿಯವರಿದ್ದಾರೆ. ಆ ತ್ಯಾಗದ ಫಲ ಮೊದಲು ಧ್ವನಿಮುದ್ರಣವಾಗಿ ಉಳಿದದ್ದು ಈ ತಟ್ಟೆಗಳಲ್ಲೇ.

ಇನ್ನೊಂದು ಕಾರಣಕ್ಕೂ ಅವು ಅಮೂಲ್ಯ. 1940ರ ದಶಕದ ನಡುವಿನಿಂದ ಗಂಗೂಬಾಯಿಯವರು ಲಘು ಪ್ರಕಾರಗಳಾದ ಠುಮ್ರಿ, ಭಜನ್‌ಗಳನ್ನು ಬಿಟ್ಟು ಶುದ್ಧ ಶಾಸ್ತ್ರೀಯಕ್ಕೇ ನಿಂತರು. ಅದಕ್ಕೂ ಮೊದಲು, ಮರಾಠಿ ಗಾಯಕ ಜಿ. ಎನ್. ಜೋಶಿಯವರ ಜೊತೆಯಲ್ಲಿ ಅವರು ಹಾಡಿದ ಮರಾಠಿ ಯುಗಳ ಗೀತೆಗಳನ್ನು ಕೇಳಿದರೆ, ಲಘು ಸಂಗೀತವನ್ನೂ ಅವರು ಎಷ್ಟು ಹಗುರವಾಗಿ, ಎಷ್ಟು ನಗುಮುಖದಿಂದ ಹಾಡಬಲ್ಲವರಾಗಿದ್ದರು ಎಂಬುದು ಗೊತ್ತಾಗುತ್ತದೆ. ಈ ಗಾಯಕಿಯನ್ನು ನಾವು ಇನ್ನೂ ಸರಿಯಾಗಿ ಕೇಳಿಯೇ ಇಲ್ಲ.

ನಮ್ಮ ಭಾಗದ ಹಳೆಯ ಮನೆಗಳ ಅಟ್ಟದಲ್ಲಿ, ಟ್ರಂಕುಗಳಲ್ಲಿ ಇಂಥ ತಟ್ಟೆಗಳು ಇನ್ನೂ ಇರಬಹುದು. ಹುಡುಕುವವರು ಗಂಗೂಬಾಯಿ ಎಂಬ ಹೆಸರನ್ನಷ್ಟೇ ನೋಡದೆ ‘ಗಾಂಧಾರಿ’ ಎಂಬುದನ್ನೂ ನೋಡಬೇಕು. ಸಿಕ್ಕ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಬೇಡಿ. ಅದು ಅರಗಿನಿಂದ ಮಾಡಿದ್ದು, ಸ್ಪಿರಿಟ್ಟಿಗೆ ಕರಗುತ್ತದೆ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ ಇಡಿ. ಸವೆದ ಮುಳ್ಳಿನಿಂದ ನುಡಿಸುವ ಮೊದಲು, ಡಿಜಿಟಲ್ ಪ್ರತಿ ಮಾಡಬಲ್ಲ ಅನುಭವಿಗಳ ಕೈಗೆ ಒಪ್ಪಿಸಿ.